ಇನ್ನೂ ನೋಡದವರಿಗೊಂದು ಜಾಗ



ದೂರದರ್ಶನದ ಒಂದು ಕಾರ್ಯಕ್ರಮ ಎಲ್ಲಿಗೆ ಮುಗಿಯುತ್ತದೆ? ಪರದೆಯ ಮೇಲೆ ಕಲಾವಿದರ ಮತ್ತು ತಂತ್ರಜ್ಞರ ಹೆಸರುಗಳು ಸರಿದುಹೋದ ಕೂಡಲೇ ಮುಗಿಯಿತು ಎಂದು ನಮ್ಮ ಸ್ಟುಡಿಯೋದ ಗಡಿಯಾರ ಹೇಳುತ್ತದೆ. ಆದರೆ ನೋಡಿದವರ ಮಟ್ಟಿಗೆ ಅದು ಅಲ್ಲಿಗೆ ಮುಗಿಯುವುದಿಲ್ಲ. ಊಟಕ್ಕೆ ಕುಳಿತಾಗ, ಮರುದಿನ ಬಸ್ಸಿನಲ್ಲಿ, ಕಾಲೇಜಿನ ಮೆಟ್ಟಿಲುಗಳ ಮೇಲೆ ಅದೇ ಕಂತಿನ ಮಾತು ಮುಂದುವರಿಯುತ್ತದೆ. ಆ ಪಾತ್ರ ಹಾಗೇಕೆ ಮಾಡಿತು? ಮುಂದೇನಾಗಬಹುದು? ನಿಜಜೀವನದಲ್ಲಿ ಹೀಗೆ ನಡೆಯುತ್ತದೆಯೇ? ಕಾರ್ಯಕ್ರಮದ ಅರ್ಧ ಭಾಗವನ್ನು ನಿರ್ಮಾಪಕರು ಸಿದ್ಧಪಡಿಸಿದರೆ, ಉಳಿದರ್ಧ ಇಂಥ ಮಾತುಕತೆಯಲ್ಲಿ ಸಿದ್ಧವಾಗುತ್ತದೆ ಎಂದು ಈ ವೃತ್ತಿಯಲ್ಲಿರುವ ನನಗೆ ಅನೇಕ ಸಲ ಅನ್ನಿಸಿದೆ.

ನಾಲ್ಕು ಜನ ಕೂತು ಆಡುವ ಮಾತಿಗೆ ಯಾವ ನಿಯಮವೂ ಬೇಕಿಲ್ಲ. ಎದುರಿಗಿರುವವರ ಮುಖ ಕಾಣುತ್ತಿರುತ್ತದೆ. ‘ಅಯ್ಯೋ, ಹೇಳಬೇಡ ಕಣೇ, ನಾನಿನ್ನೂ ನೋಡಿಲ್ಲ’ ಎಂದು ಗೆಳತಿ ಕಿವಿ ಮುಚ್ಚಿಕೊಂಡರೆ ನಾವು ಸುಮ್ಮನಾಗುತ್ತೇವೆ. ಆದರೆ ಅದೇ ಧಾರಾವಾಹಿಯ ಬಗ್ಗೆ ಸಾವಿರಾರು ಜನ, ಒಬ್ಬರ ಮುಖ ಒಬ್ಬರಿಗೆ ಕಾಣದೆ, ಬೇರೆ ಬೇರೆ ಊರುಗಳಿಂದ, ಬೇರೆ ಬೇರೆ ಹೊತ್ತಿನಲ್ಲಿ ಮಾತನಾಡಲು ತೊಡಗಿದರೆ ಏನಾಗುತ್ತದೆ? ಅದು ಸಂತೆಯ ಗದ್ದಲವಾಗದೆ ಮಾತುಕತೆಯಾಗಿ ಉಳಿಯಬೇಕಾದರೆ ಯಾವ ವ್ಯವಸ್ಥೆ ಬೇಕು? ಕಂಪ್ಯೂಟರ್ ಜಾಲದ ಮೊದಲ ತಲೆಮಾರಿನ ದೂರದರ್ಶನ ಅಭಿಮಾನಿಗಳು ಈ ಪ್ರಶ್ನೆಯನ್ನು ಹೇಗೆ ಬಿಡಿಸಿಕೊಂಡರು ಎಂಬುದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ. ಅವರ ಕಥೆ ಹೆಚ್ಚಾಗಿ ಅಮೆರಿಕದ್ದು. ಆದರೆ ಮೊಬೈಲ್ ಫೋನಿನ ಗುಂಪುಗಳಲ್ಲಿ ದಿನವೂ ಹರಟುವ ನಿಮಗೆ ಅದು ದೂರದ ಕಥೆಯೆಂದು ತೋರಲಾರದು.

ಮೊದಲು ನಮ್ಮಲ್ಲಿನ ಸ್ಥಿತಿಯನ್ನು ಸ್ವಲ್ಪ ನೆನೆಯೋಣ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಒಂದು ವರ್ಷ ಕಾಲ ನಮ್ಮ ದೇಶದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ತಲುಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕವೂ ಆ ಆರರಲ್ಲಿ ಒಂದು. ಹಳ್ಳಿಗೆ ಒಂದೇ ಪೆಟ್ಟಿಗೆ. ಊರವರೆಲ್ಲ ಅದರ ಮುಂದೆ ಸೇರುತ್ತಿದ್ದರು. ನೋಡುವುದೂ ಒಟ್ಟಿಗೆ, ಮಾತನಾಡುವುದೂ ಅಲ್ಲೇ. ಮುಂದೆ 1984ರ ಜುಲೈನಲ್ಲಿ ‘ಹಮ್ ಲೋಗ್’ ಧಾರಾವಾಹಿ ಆರಂಭವಾದಾಗ ಸನ್ನಿವೇಶ ಬದಲಾಯಿತು. ಮುಂದಿನ ವರ್ಷದ ಡಿಸೆಂಬರ್‌ವರೆಗೆ ನಡೆದ ಅದರ 156 ಕಂತುಗಳಿಗೆ ವೀಕ್ಷಕರು ಸುಮಾರು ನಾಲ್ಕು ಲಕ್ಷ ಪತ್ರ ಬರೆದರೆಂದು ಅದನ್ನು ಅಧ್ಯಯನ ಮಾಡಿದ ವಿದ್ವಾಂಸರು ದಾಖಲಿಸಿದ್ದಾರೆ. ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಅವರು ಬಂದು ವೀಕ್ಷಕರೊಡನೆ ನೇರವಾಗಿ ಮಾತನಾಡುತ್ತಿದ್ದರು.

ಆದರೆ ಒಂದು ಅಂಶವನ್ನು ಗಮನಿಸಿ. ಆ ನಾಲ್ಕು ಲಕ್ಷ ಪತ್ರಗಳು ಚಕ್ರದ ಅರೆಕಾಲುಗಳಂತೆ ಒಂದೇ ಕೇಂದ್ರಕ್ಕೆ ಬಂದು ಸೇರಿದವು. ಧಾರವಾಡದ ವೀಕ್ಷಕಿ ಬರೆದದ್ದನ್ನು ಭೋಪಾಲದ ವೀಕ್ಷಕಿ ಓದುವಂತಿರಲಿಲ್ಲ. ಬರೆದವರು ನಿರ್ಮಾಪಕರೊಡನೆ ಮಾತನಾಡಿದರೇ ಹೊರತು ಪರಸ್ಪರ ಮಾತನಾಡಲಿಲ್ಲ. ನಾನೀಗ ಹೇಳಲಿರುವುದು ಚಕ್ರದ ಕಥೆಯಲ್ಲ, ಬಲೆಯ ಕಥೆ. ಪ್ರತಿಯೊಂದು ಗಂಟಿನಿಂದ ಇನ್ನೊಂದು ಗಂಟಿಗೆ ಎಳೆಯಿರುವ ಬಲೆ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಒಂದು ಯೋಚನೆ ಮಾಡಿದರು. ವಿಶ್ವವಿದ್ಯಾಲಯಗಳ ಕಂಪ್ಯೂಟರುಗಳು ಸಾಮಾನ್ಯ ಟೆಲಿಫೋನ್ ತಂತಿಯ ಮೂಲಕ ಒಂದಕ್ಕೊಂದು ಸಂದೇಶ ದಾಟಿಸಿಕೊಳ್ಳುವಂತಾದರೆ ಎಲ್ಲರೂ ಬರೆಯಬಹುದಾದ, ಎಲ್ಲರೂ ಓದಬಹುದಾದ ಒಂದು ಸಾರ್ವಜನಿಕ ಫಲಕ ಸಿದ್ಧವಾಗುವುದಲ್ಲವೇ ಎಂಬುದು ಆ ಯೋಚನೆ. ಸಮೀಪದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅವರೂ ಸೇರಿಕೊಂಡರು. 1980ರಲ್ಲಿ ಇದು ಬಳಕೆಗೆ ಬಂತು. ಇದರ ಹೆಸರು ‘ಯೂಸ್‌ನೆಟ್’. ಒಂದು ಕಂಪ್ಯೂಟರು ತನ್ನಲ್ಲಿರುವ ಹೊಸ ಸಂದೇಶಗಳನ್ನು ಮತ್ತೊಂದಕ್ಕೆ ಕೊಡುವುದು, ಅದು ಮಗದೊಂದಕ್ಕೆ ಕೊಡುವುದು, ಹೀಗೆ ಕೈಯಿಂದ ಕೈಗೆ ಹರಿಯುವ ವ್ಯವಸ್ಥೆ. ರಾತ್ರಿ ಟೆಲಿಫೋನ್ ದರ ಕಡಿಮೆಯಾದ್ದರಿಂದ ಆರಂಭದ ವರ್ಷಗಳಲ್ಲಿ ಬಹಳಷ್ಟು ವರ್ಗಾವಣೆ ರಾತ್ರಿ ಹೊತ್ತೇ ನಡೆಯುತ್ತಿತ್ತು. ಎಲ್ಲಕ್ಕೂ ಮಿಗಿಲಾಗಿ, ಇದಕ್ಕೊಬ್ಬ ಯಜಮಾನನಿರಲಿಲ್ಲ, ಮುಖ್ಯ ಕಚೇರಿ ಇರಲಿಲ್ಲ. ಹಾಗಾಗಿ ವ್ಯವಸ್ಥೆ ಬೇಕೆಂದರೆ ಬಳಸುವವರೇ ಅದನ್ನು ಮಾಡಿಕೊಳ್ಳಬೇಕಾಗಿತ್ತು.

ಅವರು ಮಾಡಿಕೊಂಡ ಮೊದಲ ವ್ಯವಸ್ಥೆ ವಿಂಗಡಣೆ. ಜೀವಶಾಸ್ತ್ರದಲ್ಲಿ ವಂಶ, ಕುಲ, ಪ್ರಭೇದ ಎಂದು ಕವಲೊಡೆಸಿ ಹೆಸರಿಡುವ ಕ್ರಮವನ್ನು ನೀವು ಓದಿದ್ದೀರಿ. ಇಲ್ಲಿಯೂ ಹಾಗೆಯೇ. 1986 ಮತ್ತು 1987ರಲ್ಲಿ ಎಲ್ಲ ಚರ್ಚಾಗುಂಪುಗಳಿಗೂ ಹೊಸದಾಗಿ ಹೆಸರಿಟ್ಟು ಏಳು ದೊಡ್ಡ ಕೊಂಬೆಗಳಲ್ಲಿ ಜೋಡಿಸಿದರು. ಕಂಪ್ಯೂಟರಿಗೆ ಒಂದು, ವಿಜ್ಞಾನಕ್ಕೆ ಒಂದು, ಸಮಾಜಕ್ಕೆ ಒಂದು, ಮನರಂಜನೆಗೆ ಒಂದು, ಹೀಗೆ. ಮನರಂಜನೆಯ ಕೊಂಬೆಗೆ ‘ರೆಕ್’ ಎಂದು ಹೆಸರು. ಅದರಲ್ಲಿ ಕಲೆಗಳಿಗೆ ‘ಆರ್ಟ್ಸ್’ ಎಂಬ ಕವಲು, ಅದರಲ್ಲಿ ‘ಟಿವಿ’ ಎಂಬ ರೆಂಬೆ, ಆ ರೆಂಬೆಯಲ್ಲಿ ದೈನಿಕ ಧಾರಾವಾಹಿಗಳಿಗೆ ‘ಸೋಪ್ಸ್’ ಎಂಬ ಟಿಸಿಲು. ಹೆಸರನ್ನು ಓದಿದರೆ ಸಾಕು, ಗುಂಪು ಮರದ ಯಾವ ತುದಿಯಲ್ಲಿದೆ ಎಂಬುದು ತಿಳಿಯುತ್ತಿತ್ತು.

ಹೊಸ ಗುಂಪು ಬೇಕೆಂದರೆ ಯಾರೋ ಒಬ್ಬರು ಮನಸ್ಸಿಗೆ ಬಂದಂತೆ ತೆರೆಯುವಂತಿರಲಿಲ್ಲ. ಈ ಏಳು ಕೊಂಬೆಗಳಲ್ಲಿ ಅದಕ್ಕೊಂದು ವಿಧಾನ ರೂಢಿಯಾಯಿತು. ಮೊದಲು ಪ್ರಸ್ತಾವ ಮಂಡಿಸಬೇಕು, ಅದರ ಮೇಲೆ ಬಹಿರಂಗ ಚರ್ಚೆ ನಡೆಯಬೇಕು, ಆಮೇಲೆ ಮತದಾನ. ಬೇಡವೆಂದವರಿಗಿಂತ ಬೇಕೆಂದವರು ಕನಿಷ್ಠ 100 ಮಂದಿ ಹೆಚ್ಚಿರಬೇಕು. ಅಷ್ಟೇ ಅಲ್ಲ, ಬಂದ ಮತಗಳಲ್ಲಿ ಮೂರನೆಯ ಎರಡು ಪಾಲು ಪರವಾಗಿರಬೇಕು. ಒಂದು ಧಾರಾವಾಹಿಯ ಬಗ್ಗೆ ಹರಟುವುದಕ್ಕೆ ಇಷ್ಟೊಂದು ಶಿಸ್ತೇ ಎಂದು ನೀವು ನಗಬಹುದು. ಆದರೆ ಇದರ ಹಿಂದಿನ ತರ್ಕ ನೋಡಿ. ಪ್ರತಿ ಹೊಸ ಗುಂಪೂ ನೂರಾರು ಸಂಸ್ಥೆಗಳ ಕಂಪ್ಯೂಟರಿನಲ್ಲಿ ಜಾಗ ಹಿಡಿಯುತ್ತದೆ. ಅಲ್ಲದೆ ಇರುವ ಓದುಗರನ್ನೇ ಎರಡಾಗಿ ಒಡೆಯುತ್ತದೆ. ಕಡಿಮೆ ಗುಂಪುಗಳಿದ್ದರೆ ಗದ್ದಲ, ಅತಿಯಾದರೆ ಪಾಳುಬಿದ್ದ ಮನೆ. ಎರಡರ ನಡುವಿನ ಅಳತೆಯನ್ನು ಅವರು ಮತದಿಂದ ಕಂಡುಕೊಂಡರು. ಈ ಬಿಗಿ ಬೇಡವೆಂದವರು 1987ರಲ್ಲಿ ‘ಆಲ್ಟ್’ ಎಂಬ ಬೇರೆ ಕೊಂಬೆಯನ್ನೇ ಬೆಳೆಸಿದರು. ಅಲ್ಲಿ ಮತದಾನದ ಕಟ್ಟುಪಾಡಿರಲಿಲ್ಲ. ಹೊಸ ಧಾರಾವಾಹಿಯೊಂದು ಶುರುವಾದ ಕೂಡಲೇ ಗುಂಪು ತೆರೆಯಲು ಇದೇ ಅನುಕೂಲವಾಯಿತು.

‘ಸ್ಟಾರ್ ಟ್ರೆಕ್’ ಎಂಬ ವೈಜ್ಞಾನಿಕ ಕಥಾಸರಣಿಯ ಅಭಿಮಾನಿಗಳ ಗುಂಪು ವಿಂಗಡಣೆಗೆ ಒಳ್ಳೆಯ ಉದಾಹರಣೆ. ಒಂದೇ ಗುಂಪಾಗಿ ಆರಂಭವಾದ ಅದು ಸಂದೇಶಗಳು ಹೆಚ್ಚಿದಂತೆ ಹಲವು ಭಾಗಗಳಾಯಿತು. ಈ ವಾರದ ಕಂತಿನ ಮಾತಿಗೆ ಒಂದು, ಸುದ್ದಿ ಮತ್ತು ಮಾಹಿತಿಗೆ ಒಂದು, ವಿಮರ್ಶೆಗೆ ಒಂದು, ಅಭಿಮಾನಿಗಳ ಕೂಟಗಳ ವಿಷಯಕ್ಕೆ ಒಂದು, ಉಳಿದುದಕ್ಕೆ ಇನ್ನೊಂದು. ಇವುಗಳಲ್ಲಿ ನನಗೆ ಮೆಚ್ಚುಗೆಯಾದದ್ದು ತಂತ್ರಜ್ಞಾನದ ಗುಂಪು. ಕಥೆಯಲ್ಲಿ ಬರುವ ನೌಕೆ ಬೆಳಕಿಗಿಂತ ವೇಗವಾಗಿ ಹೋಗುವುದು ಭೌತಶಾಸ್ತ್ರಕ್ಕೆ ಒಪ್ಪುತ್ತದೆಯೇ ಎಂದು ಲೆಕ್ಕ ಹಾಕುವವರು ಅಲ್ಲಿದ್ದರು. ಕಥೆಯ ಭಾವ ಸವಿಯುವವರು ಇನ್ನೊಂದು ಗುಂಪಿನಲ್ಲಿದ್ದರು. ಒಬ್ಬರ ಆಸಕ್ತಿ ಇನ್ನೊಬ್ಬರಿಗೆ ಕಿರಿಕಿರಿಯಾಗದಂತೆ ಇಬ್ಬರಿಗೂ ಜಾಗ ಸಿಕ್ಕಿತು.

ಎರಡನೆಯ ವ್ಯವಸ್ಥೆ ಚೀಟಿ ಅಂಟಿಸುವುದು. ಇದನ್ನು ಚೆನ್ನಾಗಿ ಬೆಳೆಸಿದವರು ದೈನಿಕ ಧಾರಾವಾಹಿಗಳ ಗುಂಪಿನವರು. ರೇಡಿಯೋ ಕಾಲದಲ್ಲಿ ಸಾಬೂನು ತಯಾರಿಸುವ ಕಂಪನಿಗಳು ಪ್ರಾಯೋಜಿಸುತ್ತಿದ್ದುದರಿಂದ ಅಮೆರಿಕದಲ್ಲಿ ಈ ಧಾರಾವಾಹಿಗಳಿಗೆ ‘ಸೋಪ್’ ಎಂದೇ ಹೆಸರು ಬಂತು. ವಾರಕ್ಕೆ ಐದು ದಿನ, ಹಗಲು ಹೊತ್ತಿನಲ್ಲಿ, ವರ್ಷಗಟ್ಟಲೆ ನಡೆಯುವ ಕಥೆಗಳು. ‘ಆಲ್ ಮೈ ಚಿಲ್ಡ್ರನ್’ ಎಂಬುದು 1970ರಿಂದ 2011ರವರೆಗೆ ಎಬಿಸಿ ಜಾಲದಲ್ಲಿ ನಡೆಯಿತು. ಇಂಥ ಹಲವು ಧಾರಾವಾಹಿಗಳಿಗೆ ಗುಂಪು ಒಂದೇ. ಹಾಗಾಗಿ ಪ್ರತಿ ಸಂದೇಶದ ಶೀರ್ಷಿಕೆಯಲ್ಲಿ ಮೊದಲು ಧಾರಾವಾಹಿಯ ಹೆಸರಿನ ಮೊದಲಕ್ಷರಗಳನ್ನು ಬರೆಯುವ ರೂಢಿ ಬಂತು. ‘ಎಎಂಸಿ’ ಎಂದಿದ್ದರೆ ‘ಆಲ್ ಮೈ ಚಿಲ್ಡ್ರನ್’. ಅದು ಬೇಡದವರು ತೆರೆಯದೆ ಮುಂದೆ ಹೋಗಬಹುದು. ಧಾರಾವಾಹಿಯ ಮಾತಿನಿಂದ ಹೊರಳಿ ಮನೆಮಾತಿಗೆ, ತಮಾಷೆಗೆ ಇಳಿದರೆ ಅದಕ್ಕೂ ಒಂದು ಚೀಟಿ, ‘ಟ್ಯಾನ್’ ಎಂದು. ದಾರಿ ಬಿಟ್ಟ ಮಾತು ಎಂಬರ್ಥ. ಗಮನಿಸಿ, ದಾರಿ ಬಿಟ್ಟ ಮಾತನ್ನು ಅವರು ನಿಷೇಧಿಸಲಿಲ್ಲ. ಗುರುತು ಹಾಕಿ ಆಡಿರಿ ಎಂದರು. ಮುಂದೆ ಚೀಟಿಗಳಿಂದಲೂ ನಿಭಾಯಿಸಲಾಗದಷ್ಟು ಸಂದೇಶಗಳು ಬಂದಾಗ, 1994ರಲ್ಲಿ, ಆ ಗುಂಪು ಪ್ರಸಾರ ಜಾಲಗಳಿಗೆ ಅನುಗುಣವಾಗಿ ಮೂರಾಯಿತು.

ಈಗ ಮುಖ್ಯವಾದ ಮಾತಿಗೆ ಬರೋಣ. ವಿಂಗಡಣೆ, ಚೀಟಿ ಇವೆಲ್ಲ ಮಾತನಾಡುವವರ ಅನುಕೂಲಕ್ಕೆ. ಆದರೆ ಅಲ್ಲಿ ಇನ್ನೊಬ್ಬರಿರುತ್ತಾರೆ. ಅವರು ಇನ್ನೂ ಆ ಕಂತನ್ನು ನೋಡಿಲ್ಲ. ‘ಸ್ಟಾರ್ ಟ್ರೆಕ್’ನ ಮುಂದಿನ ಸರಣಿಯೊಂದು 1987ರಿಂದ 1994ರವರೆಗೆ ಪ್ರಸಾರವಾಯಿತಷ್ಟೆ. ಅದನ್ನು ಒಂದೇ ಜಾಲ ದೇಶಕ್ಕೆಲ್ಲ ಒಂದೇ ಹೊತ್ತಿನಲ್ಲಿ ತೋರಿಸುತ್ತಿರಲಿಲ್ಲ. ಆಯಾ ಊರಿನ ನಿಲ್ದಾಣಗಳು ಕೊಂಡುಕೊಂಡು ವಾರದಲ್ಲಿ ತಮಗೆ ಅನುಕೂಲವಾದ ದಿನ ಪ್ರಸಾರ ಮಾಡುತ್ತಿದ್ದವು. ಒಂದೂರಿನಲ್ಲಿ ನೋಡಿ ಆಗಿದೆ, ಪಕ್ಕದೂರಿನಲ್ಲಿ ಇನ್ನೂ ಮೂರು ದಿನ ಕಾಯಬೇಕು. ಬ್ರಿಟನ್ನಿನಲ್ಲಂತೂ ಆ ಸರಣಿಯ ಪ್ರಸಾರ ಶುರುವಾದದ್ದೇ 1990ರಲ್ಲಿ. ಸಂದೇಶ ಮಾತ್ರ ಎಲ್ಲ ಊರುಗಳಿಗೂ ತಲುಪುತ್ತದೆ. ಹೀಗಿರುವಾಗ ಕಥೆಯ ಗುಟ್ಟನ್ನು ಹೇಳಿಬಿಟ್ಟರೆ ಕಾದು ಕುಳಿತವರ ಸ್ವಾರಸ್ಯವೇ ಕೆಡುತ್ತದೆ. ಸ್ವಾರಸ್ಯ ಕೆಡಿಸುವ ಇಂಥ ಮಾತಿಗೆ ‘ಸ್ಪಾಯ್ಲರ್’ ಎಂಬ ಹೆಸರು ರೂಢಿಯಾಯಿತು.

ಇದಕ್ಕೆ ಅವರು ಹುಡುಕಿದ ಉಪಾಯಗಳು ಸರಳ. ಮೊದಲನೆಯದು, ಶೀರ್ಷಿಕೆಯಲ್ಲಿಯೇ ಎಚ್ಚರಿಕೆ ಬರೆಯುವುದು. ಎರಡನೆಯದು, ಎಚ್ಚರಿಕೆಯ ಕೆಳಗೆ ಒಂದು ಪರದೆ ತುಂಬುವಷ್ಟು ಖಾಲಿ ಸಾಲುಗಳನ್ನು ಬಿಡುವುದು. ಆ ಕಾಲದ ಸಾಮಾನ್ಯ ಕಂಪ್ಯೂಟರ್ ಪರದೆಯಲ್ಲಿ 24 ಸಾಲು ಕಾಣುತ್ತಿತ್ತು. ಅಷ್ಟು ಸಾಲು ಖಾಲಿ ಬಿಟ್ಟರೆ, ಓದುಗರು ತಾವಾಗಿಯೇ ಕೀಲಿ ಒತ್ತಿ ಮುಂದೆ ಹೋಗುವವರೆಗೆ ಗುಟ್ಟು ಕಣ್ಣಿಗೆ ಬೀಳದು. ಮೂರನೆಯ ಉಪಾಯದಲ್ಲಿ ಸ್ವಲ್ಪ ಗಣಿತವಿದೆ. ಇಂಗ್ಲಿಷ್ ವರ್ಣಮಾಲೆಯಲ್ಲಿ 26 ಅಕ್ಷರಗಳು. ಪ್ರತಿ ಅಕ್ಷರದ ಬದಲು ಅದರಿಂದ 13 ಸ್ಥಾನ ಮುಂದಿರುವ ಅಕ್ಷರವನ್ನು ಬರೆಯುವುದು. ವರ್ಣಮಾಲೆ ಮುಗಿದರೆ ಮತ್ತೆ ಮೊದಲಿನಿಂದ ಎಣಿಸುವುದು. ‘ಎ’ ಇದ್ದಲ್ಲಿ ‘ಎನ್’, ‘ಸಿ’ ಇದ್ದಲ್ಲಿ ‘ಪಿ’, ‘ಟಿ’ ಇದ್ದಲ್ಲಿ ‘ಜಿ’. ಹಾಗಾಗಿ ಬೆಕ್ಕು ಎಂದು ಹೇಳಲು ‘ಸಿ, ಎ, ಟಿ’ ಎಂದು ಬರೆದದ್ದು ‘ಪಿ, ಎನ್, ಜಿ’ ಆಗುತ್ತದೆ. 13ನ್ನೇ ಏಕೆ ಆರಿಸಿದರು? 13ಕ್ಕೆ 13 ಕೂಡಿಸಿದರೆ 26. ಅಂದರೆ ಅದೇ ಕ್ರಿಯೆಯನ್ನು ಎರಡನೆಯ ಸಲ ಮಾಡಿದರೆ ಮೂಲ ಅಕ್ಷರ ಮರಳಿ ಬರುತ್ತದೆ. ಮುಚ್ಚುವುದಕ್ಕೂ ತೆರೆಯುವುದಕ್ಕೂ ಒಂದೇ ಕೀಲಿ. ಕಾಗದ ಪೆನ್ಸಿಲು ಹಿಡಿದು ನೀವೇ ಪರೀಕ್ಷಿಸಿ ನೋಡಿ.

ಈ ಸಂಕೇತದಿಂದ ಯಾವ ರಹಸ್ಯವನ್ನೂ ಕಾಪಾಡಲಾಗದು. ಐದನೆಯ ತರಗತಿಯ ಮಗುವೂ ಇದನ್ನು ಬಿಡಿಸಬಲ್ಲದು. ಆದರೆ ಅವರಿಗೆ ಬೇಕಾಗಿದ್ದದ್ದು ಬೀಗವಲ್ಲ, ಬಾಗಿಲಿಗೊಂದು ಪರದೆ. ಒಳಗೆ ಬರುವವರು ಸರಿಸಿಕೊಂಡು ಬರಬಹುದು. ಬೇಡದವರ ಕಣ್ಣಿಗೆ ಒಳಗಿನದು ಬೀಳುವುದಿಲ್ಲ. ನೋಡಬೇಕೋ ಬೇಡವೋ ಎಂಬ ತೀರ್ಮಾನ ಓದುವವರ ಕೈಯಲ್ಲೇ ಉಳಿಯಿತು. ಹೇಳುವವರ ಬಾಯಿ ಕಟ್ಟಲಿಲ್ಲ, ಕೇಳದವರ ಕಿವಿಗೆ ತುರುಕಲೂ ಇಲ್ಲ. ಎರಡು ಸ್ವಾತಂತ್ರ್ಯಗಳನ್ನು ಒಂದೇ ಜಾಗದಲ್ಲಿ ಕೂರಿಸಿದ ಈ ಉಪಾಯ ಚಿಕ್ಕದೆಂದು ನಾನು ಭಾವಿಸುವುದಿಲ್ಲ.

ಇನ್ನು ಕಂತನ್ನು ತಪ್ಪಿಸಿಕೊಂಡವರ ಪಾಡೇನು? ಹಗಲು ಹೊತ್ತಿನ ಧಾರಾವಾಹಿಯನ್ನು ಕೆಲಸಕ್ಕೆ ಹೋಗುವವರು ನೋಡುವುದು ಹೇಗೆ? ಕೆಲವರು ವಿಡಿಯೋ ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದರು. ಉಳಿದವರಿಗಾಗಿ ಸೋಪ್ ಗುಂಪಿನಲ್ಲಿ ಸ್ವಯಂಸೇವಕರಿದ್ದರು. ಸೋಮವಾರದ ಕಂತು ಒಬ್ಬರದು, ಮಂಗಳವಾರದ್ದು ಇನ್ನೊಬ್ಬರದು ಎಂದು ಪಾಳಿ ಹಾಕಿಕೊಂಡು, ಆ ದಿನ ನಡೆದುದನ್ನೆಲ್ಲ ವಿವರವಾಗಿ, ನಡುನಡುವೆ ತಮ್ಮ ಚಟಾಕಿಗಳನ್ನೂ ಸೇರಿಸಿ ಬರೆದು ಹಾಕುತ್ತಿದ್ದರು. ಸಂಬಳವಿಲ್ಲ, ಬಹುಮಾನವಿಲ್ಲ. ಹರಿಕಥೆ ಕೇಳಲು ಬರಲಾಗದ ಮನೆಯವರಿಗೆ ಕೇಳಿಬಂದವರು ಮರುದಿನ ಕಥೆ ಹೇಳುವಂತೆ ಇದು.

ಈ ಗುಂಪನ್ನು ವರ್ಷಗಳ ಕಾಲ ಒಳಗಿನವರಾಗಿಯೇ ಓದಿ ಅಧ್ಯಯನ ಮಾಡಿದವರು ನ್ಯಾನ್ಸಿ ಬೇಮ್ ಎಂಬ ವಿದ್ವಾಂಸೆ. 2000ದಲ್ಲಿ ಅವರ ಪುಸ್ತಕ ಪ್ರಕಟವಾಯಿತು. ಅಲ್ಲಿ ಬರೆಯುತ್ತಿದ್ದವರಲ್ಲಿ ಹೆಚ್ಚಿನವರು ಮಹಿಳೆಯರು. ಇಡೀ ಜಾಲದಲ್ಲಿ ಗಂಡಸರೇ ತುಂಬಿದ್ದ ಕಾಲ ಅದು. ಧಾರಾವಾಹಿ ನೋಡುವುದೆಂದರೆ ಕೆಲಸವಿಲ್ಲದವರ ಹವ್ಯಾಸ ಎಂದು ಹೊರಗಿನವರು ನಗುತ್ತಿದ್ದರು. ನಮ್ಮಲ್ಲೂ ಆ ನಗೆ ಅಪರಿಚಿತವಲ್ಲ. ಆದರೆ ಆ ಗುಂಪಿನಲ್ಲಿ ಏನು ನಡೆಯುತ್ತಿತ್ತು? ಸಂಗಾತಿಯನ್ನು ಹಿಂಸಿಸುವ ಪಾತ್ರವೊಂದು ಕಥೆಯಲ್ಲಿ ಬಂದಾಗ, ಇದು ವಾಸ್ತವವೇ ಅಲ್ಲವೇ ಎಂಬ ಚರ್ಚೆ ಎದ್ದು, ಅದರ ನೆಪದಲ್ಲಿ ಕೆಲವರು ತಮ್ಮ ಬದುಕಿನ ಅನುಭವವನ್ನೂ ಹೇಳಿಕೊಂಡರು. ಪಾತ್ರದ ಬಗ್ಗೆ ಆಡುವ ಮಾತು ನೆರಳಿನಂತೆ ಆಶ್ರಯ ಕೊಟ್ಟಿತು. ಅಂಥ ಮಾತು ಹೊರಬರಬೇಕಾದರೆ ನಗುವವರಿಲ್ಲದ, ಚುಚ್ಚುವವರಿಲ್ಲದ ಜಾಗ ಬೇಕು.

ಆ ಜಾಗವನ್ನು ಅವರು ಕಾಪಾಡಿದ್ದು ಮಾತಿನ ರೀತಿಯಿಂದ. ಬೇರೆಯವರ ಅಭಿಪ್ರಾಯವನ್ನು ಒಪ್ಪದಿದ್ದಾಗ ಮೊದಲು ಒಪ್ಪುವ ಭಾಗವನ್ನು ಹೇಳುವುದು, ‘ನನಗೆ ತೋರಿದಂತೆ’ ಎಂದು ತಮ್ಮ ಮಾತಿಗೆ ಮಿತಿ ಹಾಕಿಕೊಳ್ಳುವುದು, ವ್ಯಕ್ತಿಯನ್ನು ಬಿಟ್ಟು ವಿಷಯಕ್ಕೆ ಉತ್ತರ ಕೊಡುವುದು, ಇವೆಲ್ಲ ಅಲ್ಲಿನ ನಡವಳಿಕೆಯಾಗಿದ್ದವೆಂದು ಬೇಮ್ ಗುರುತಿಸುತ್ತಾರೆ. ಯಾರೂ ಇದನ್ನು ಕಾನೂನಾಗಿ ಹೇರಿರಲಿಲ್ಲ. ಹಳಬರನ್ನು ನೋಡಿ ಹೊಸಬರು ಕಲಿತರು.

ಹೊಸಬರ ಪ್ರಶ್ನೆಯೂ ದೊಡ್ಡದೇ. ಯಾವ ಗುಂಪಿಗೇ ಆಗಲಿ, ಬಂದವರೆಲ್ಲ ಮೊದಲು ಕೇಳುವುದು ಅವೇ ಹತ್ತು ಪ್ರಶ್ನೆಗಳನ್ನು. ಹಳಬರಿಗೆ ಉತ್ತರಿಸಿ ಉತ್ತರಿಸಿ ಬೇಸರ. ಬೇಸರದಿಂದ ಗದರಿದರೆ ಹೊಸಬರು ಹೊರಟೇ ಹೋಗುತ್ತಾರೆ. ಹಾಗಾಗಿ ಪದೇಪದೇ ಬರುವ ಪ್ರಶ್ನೆಗಳಿಗೆಲ್ಲ ಒಂದು ಕಡೆ ಉತ್ತರ ಬರೆದು, ನಿಗದಿತ ಅವಧಿಗೊಮ್ಮೆ ಅದನ್ನು ಗುಂಪಿನಲ್ಲಿ ಮತ್ತೆ ಪ್ರಕಟಿಸುವ ಪದ್ಧತಿ ಬಂತು. ಕೆಲವು ದಿನ ಸುಮ್ಮನೆ ಓದಿ, ಅಲ್ಲಿನ ರೀತಿ ತಿಳಿದು, ಆಮೇಲೆ ಬರೆಯಿರಿ ಎಂಬ ಸಲಹೆಯೂ ಅದರಲ್ಲಿರುತ್ತಿತ್ತು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾಲೇಜುಗಳಿಗೆ ಹೊಸ ವಿದ್ಯಾರ್ಥಿಗಳು ಸೇರುತ್ತಿದ್ದರು. ಅವರಿಗೆಲ್ಲ ಒಮ್ಮೆಗೇ ಜಾಲದ ಪ್ರವೇಶ ಸಿಗುತ್ತಿತ್ತು. ಆ ತಿಂಗಳು ಸ್ವಲ್ಪ ಗಲಿಬಿಲಿ, ಆಮೇಲೆ ಎಲ್ಲ ಹೊಂದಿಕೆ. ಆದರೆ 1993ರ ಹೊತ್ತಿಗೆ ಖಾಸಗಿ ಕಂಪನಿಗಳ ಮೂಲಕ ಸಾರ್ವಜನಿಕರು ವರ್ಷವಿಡೀ ಬರತೊಡಗಿದರು. ಕಲಿಸಲು ಸಮಯವೇ ಸಾಲದಾಯಿತು. 1993ರ ಸೆಪ್ಟೆಂಬರ್ ಮುಗಿಯಲೇ ಇಲ್ಲ ಎಂಬ ಮಾತು ಹುಟ್ಟಿದ್ದು ಹಾಗೆ.

ಮುಗಿಯದ ಆ ಸೆಪ್ಟೆಂಬರಿನ ನಂತರ ರೂಢಿಯೊಂದೇ ಸಾಲದಾಗಿ, ಕೆಲವೆಡೆ ಕಾವಲು ಬೇಕಾಯಿತು. ‘ಬ್ಯಾಬಿಲಾನ್ 5’ ಎಂಬ ಇನ್ನೊಂದು ವೈಜ್ಞಾನಿಕ ಸರಣಿಯ ಪ್ರಸಂಗ ಇದಕ್ಕೆ ನಿದರ್ಶನ. ಅದರ ನಿರ್ಮಾತೃ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿ ಅವರು ಸ್ವತಃ ಅಭಿಮಾನಿಗಳ ನಡುವೆ ಬಂದು ಪ್ರಶ್ನೆಗಳಿಗೆ ಉತ್ತರಿಸುತ್ತಿದ್ದರು. ನಾಲ್ಕು ಲಕ್ಷ ಪತ್ರಗಳ ಚಕ್ರದಲ್ಲಿ ಸಾಧ್ಯವಿಲ್ಲದ ಸಂಗತಿ ಇದು. ಆದರೆ ಅದರಲ್ಲಿ ಒಂದು ತೊಡಕಿತ್ತು. ಅಭಿಮಾನಿಯೊಬ್ಬರು ‘ಹೀಗೊಂದು ಕಥೆ ಇರಬಹುದಲ್ಲ’ ಎಂದು ಬರೆದು, ನಿರ್ಮಾಪಕರು ಆಗಲೇ ಅಂಥದನ್ನು ಯೋಚಿಸಿದ್ದರೆ, ನನ್ನ ಕಥೆ ಕದ್ದರು ಎಂಬ ದಾವೆ ಬರಬಹುದು. ಒಮ್ಮೆ ಹಾಗೆಯೇ ಆಯಿತು. ಅಭಿಮಾನಿ ಕೆಟ್ಟ ಉದ್ದೇಶವಿಲ್ಲದೆ ಬರೆದ ಸಲಹೆಯಿಂದಾಗಿ, ಒಂದು ಕಂತನ್ನು ಬದಿಗಿಡಬೇಕಾಯಿತು. ತಮ್ಮ ಹಕ್ಕು ಸಾಧಿಸುವುದಿಲ್ಲವೆಂದು ಅವರು ಬರೆದುಕೊಟ್ಟ ಮೇಲೆ 1995ರಲ್ಲಿ ಅದು ಪ್ರಸಾರವಾಯಿತು. ಕಥೆಯ ಸಲಹೆ ಕೊಡಬೇಡಿ ಎಂಬ ನಿಯಮ ಅಲ್ಲಿ ಬಿಗಿಯಾಗಿದ್ದುದಕ್ಕೆ ಇದೇ ಕಾರಣ. ಮುಂದೆ ಕೆಲವರ ನಿಂದೆಯ ಮಾತು ಹೆಚ್ಚಿ ಅವರು ಆ ಗುಂಪನ್ನೇ ಬಿಟ್ಟರು. ಆಗ ಅಭಿಮಾನಿಗಳು ಮತ್ತೊಂದು ಗುಂಪು ರಚಿಸಿದರು. ಅಲ್ಲಿಗೆ ಬರೆದದ್ದು ಮೊದಲು ಸ್ವಯಂಸೇವಕ ನಿರ್ವಾಹಕರ ಕಡೆಗೆ ಹೋಗಿ, ನಿಯಮಕ್ಕೆ ಒಪ್ಪಿದರೆ ಮಾತ್ರ ಪ್ರಕಟವಾಗುತ್ತಿತ್ತು. ನಿರ್ಮಾಪಕರು ಮರಳಿದರು. ಕಾವಲಿಲ್ಲದ ಹಳೆಯ ಗುಂಪೂ ಉಳಿಯಿತು. ಯಾರಿಗೆ ಯಾವುದು ಬೇಕೋ ಅದು.

ಇಷ್ಟೆಲ್ಲ ಹೇಳಿದ ಮೇಲೆ ಇದರ ಕೊರತೆಗಳನ್ನೂ ಹೇಳಬೇಕು. ಅದು ಬಹುಮಟ್ಟಿಗೆ ವಿಶ್ವವಿದ್ಯಾಲಯ ಮತ್ತು ಕಂಪನಿಗಳಲ್ಲಿ ಕಂಪ್ಯೂಟರ್ ದೊರಕಿದ್ದವರ ಲೋಕ. ಭಾಷೆ ಇಂಗ್ಲಿಷ್. ಕಾವಲಿಲ್ಲದ ಗುಂಪುಗಳಿಗೆ ಜಾಹೀರಾತು ಸುರಿಯುವುದನ್ನು ತಡೆಯಲಾಗಲಿಲ್ಲ. 1994ರ ಏಪ್ರಿಲ್‌ನಲ್ಲಿ ಇಬ್ಬರು ವಕೀಲರು ತಮ್ಮ ಒಂದೇ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಹಾಕಿದ್ದು ಕುಪ್ರಸಿದ್ಧವಾಯಿತು. ಕ್ರಮೇಣ ಜನ ಬೇರೆ ಬೇರೆ ತಾಣಗಳಿಗೆ ಚದುರಿದರು. ಹಳೆಯ ಸಂದೇಶಗಳ ದೊಡ್ಡ ಸಂಗ್ರಹವನ್ನು 2001ರಲ್ಲಿ ಕೊಂಡಿದ್ದ ಗೂಗಲ್ ಕಂಪನಿ, ತನ್ನ ತಾಣದಿಂದ ಯೂಸ್‌ನೆಟ್‌ಗೆ ಹೊಸದಾಗಿ ಬರೆಯುವ ಸೌಲಭ್ಯವನ್ನು 2024ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಳೆಯ ಸಂದೇಶಗಳನ್ನು ಮಾತ್ರ ಓದಲು ಉಳಿಸಿತು.

ಹಾಗಾದರೆ ಇದರಿಂದ ನಿಮಗೇನು? ಇಂದು ನೀವು ಒಂದು ಕಂತನ್ನು ನಿಮಗೆ ಬೇಕಾದ ಹೊತ್ತಿಗೆ ನೋಡುತ್ತೀರಿ. ಹಾಸ್ಟೆಲಿನ ಒಬ್ಬನು ರಾತ್ರಿಯೇ ನೋಡಿ ಮುಗಿಸಿರುತ್ತಾನೆ. ಪರೀಕ್ಷೆ ಇರುವವಳು ಮುಂದಿನ ವಾರ ನೋಡುತ್ತಾಳೆ. ಊರಿನಲ್ಲಿ ಸಿಗ್ನಲ್ ಸಿಗದವನು ಇನ್ನೂ ತಡವಾಗಿ ನೋಡುತ್ತಾನೆ. ನಾಲ್ಕು ದಶಕಗಳ ಹಿಂದೆ ಅಮೆರಿಕದ ಊರು ಊರುಗಳ ನಡುವೆ ಇದ್ದ ಅಂತರ ಈಗ ನಿಮ್ಮ ಒಂದೇ ತರಗತಿಯ ಬೆಂಚುಗಳ ನಡುವೆ ಬಂದಿದೆ. ವ್ಯವಸ್ಥೆ ಮಾಡುವ ಅಧಿಕಾರ ಮಾತ್ರ ಬಹುಪಾಲು ನಿಮ್ಮ ಕೈಯಲ್ಲಿಲ್ಲ. ದೊಡ್ಡ ತಾಣಗಳಲ್ಲಿ ಯಾರ ಮಾತು ಮೇಲೆ ಕಾಣಬೇಕು, ಯಾರದು ಕೆಳಗೆ ಮುಳುಗಬೇಕು ಎಂಬುದನ್ನು ಕಂಪನಿಗಳ ತಂತ್ರಾಂಶ ನಿರ್ಧರಿಸುತ್ತದೆ. ಅದಕ್ಕೆ ನೀವು ಮತ ಹಾಕಿಲ್ಲ.

ಆದರೆ ನಿಮ್ಮದೇ ಆದ ಚಿಕ್ಕ ಗುಂಪುಗಳಿವೆ. ತರಗತಿಯ ಗುಂಪು, ಕ್ರಿಕೆಟ್ಟಿನ ಗುಂಪು, ಸಿನಿಮಾದ ಗುಂಪು. ಅಲ್ಲಿನ ವ್ಯವಸ್ಥೆ ನಿಮ್ಮದೇ. ಮುಂದಿನ ಸಲ ಅಲ್ಲಿ ಏನಾದರೂ ಬರೆಯುವ ಮುನ್ನ, ಬರೆಯುತ್ತಿರುವವರನ್ನಲ್ಲ, ಸುಮ್ಮನಿರುವವರನ್ನು ನೆನೆಯಿರಿ. ಇನ್ನೂ ನೋಡದವರು ಇದ್ದಾರೆಯೇ? ಹಾಗಾದರೆ ಮೊದಲು ಒಂದು ಸಾಲು ಎಚ್ಚರಿಕೆ ಇರಲಿ. ನಿನ್ನೆ ಸೇರಿದವರು ಇದ್ದಾರೆಯೇ? ಅವರ ಹಳೆಯ ಪ್ರಶ್ನೆಗೆ ಹೊಸ ತಾಳ್ಮೆಯಿಂದ ಉತ್ತರಿಸಿ. ನಿಮ್ಮನ್ನು ಒಪ್ಪದವರು ಇದ್ದಾರೆಯೇ? ಅವರು ಹೇಳಿದ್ದರಲ್ಲಿ ಒಪ್ಪುವ ಭಾಗದಿಂದ ಶುರು ಮಾಡಿ. ನಕ್ಕಾರೆಂಬ ಭಯಕ್ಕೆ ಬಾಯಿ ತೆರೆಯದವರು ಇದ್ದಾರೆಯೇ? ಅವರು ಮಾತನಾಡುವಂತಾದರೆ ನಿಮ್ಮ ಗುಂಪು ಗಟ್ಟಿಯಾಯಿತೆಂದು ತಿಳಿಯಿರಿ.

ಆ ಹಳೆಯ ಗುಂಪುಗಳ ಖಾಲಿ ಸಾಲುಗಳನ್ನು, 13ರ ಲೆಕ್ಕವನ್ನು, ಪಾಳಿಯ ಮೇಲೆ ಕಥೆ ಬರೆದವರ ಶ್ರಮವನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಒಂದೇ ಸೂತ್ರ. ಮಾತಿನ ಜಾಗವನ್ನು ಕಟ್ಟುವಾಗ ಆಗಲೇ ಒಳಗಿರುವವರಿಗಷ್ಟೇ ಅಲ್ಲ, ಇನ್ನೂ ಬಾರದವರಿಗೂ ಒಂದು ಮಣೆ ಹಾಕಿಡಬೇಕು. ನಮ್ಮ ಹಿರಿಯರ ಊಟದ ಪಂಕ್ತಿಯಲ್ಲಿ ತಡವಾಗಿ ಬರುವವರಿಗೆ ಒಂದು ಎಲೆ ಎತ್ತಿಡುವ ಪದ್ಧತಿಯಿತ್ತು. ಮಾತಿನ ಪಂಕ್ತಿಗೂ ಅದು ಸಲ್ಲುತ್ತದೆ.